ಹಿಡಿಯಿಲ್ಲದ ಕಾಲುವೆ, ಹಿಡಿ ಹೊತ್ತ ದೋಣಿ

ಇಂಗ್ಲೆಂಡಿನ ಹಳೆಯ ಕಾಲುವೆಯೊಂದರ ಲಾಕ್ ಪಕ್ಕದಲ್ಲಿ ನಿಂತು ನೋಡಿದರೆ ಅಲ್ಲಿನ ಯಂತ್ರಕ್ಕೆ ಒಂದು ಭಾಗ ಕಡಿಮೆ ಇರುವುದು ಕಾಣುತ್ತದೆ. ಮರದ ಭಾರೀ ಕದಗಳಿವೆ. ಬೆನ್ನು ಕೊಟ್ಟು ಅವನ್ನು ನೂಕಲು ಉದ್ದನೆಯ ತೊಲೆಗಳಿವೆ. ನೀರು ಬಿಡುವ ತೂಬುಗಳಿವೆ, ಅವನ್ನು ಮೇಲೆತ್ತಲು ಹಲ್ಲುಪಟ್ಟಿ ಮತ್ತು ಹಲ್ಲುಗಾಲಿಗಳಿವೆ. ಆ ಗಾಲಿಯನ್ನು ತಿರುಗಿಸುವ ಹಿಡಿ ಮಾತ್ರ ಇಲ್ಲ. ಚೌಕನೆಯ ಕಬ್ಬಿಣದ ತುದಿಯೊಂದು ಬರಿದೇ ಚಾಚಿಕೊಂಡಿರುತ್ತದೆ. ಹಿಡಿ ಬರುವುದು ದೋಣಿಯ ಜೊತೆಗೆ. ವಿಂಡ್‌ಲಾಸ್ ಎಂದು ಕರೆಯುವ ಆ ಸಾಧನ ಮೊಳಕೈಯಂತೆ ಬಾಗಿದ ಕಬ್ಬಿಣದ ಸರಳು, ಒಂದು ತುದಿಯಲ್ಲಿ ಚೌಕನೆಯ ರಂಧ್ರ, ಇನ್ನೊಂದು ತುದಿಯಲ್ಲಿ ಕೈಹಿಡಿ. ಅದಿಲ್ಲದ ದೋಣಿ ಎಷ್ಟೇ ಗಟ್ಟಿಯಾಗಿದ್ದರೂ, ಎಷ್ಟೇ ಒಳ್ಳೆಯ ಎಂಜಿನ್ ಹೊಂದಿದ್ದರೂ ಮೊದಲ ಲಾಕ್‌ನಲ್ಲೇ ನಿಂತುಬಿಡುತ್ತದೆ. ಕಾಲುವೆ ದೋಣಿಯಲ್ಲಿ ಏನೇನು ಇರಲೇಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ದೋಣಿಯಿಂದ ಶುರುಮಾಡುತ್ತಾರೆ. ಕಾಲುವೆಯಿಂದ ಶುರುಮಾಡುವುದೇ ಸರಿ ಎಂಬುದು ಈ ಲೇಖನದ ವಾದ. ಇನ್ನೂರೈವತ್ತು ವರ್ಷಗಳ ಹಿಂದೆ ಕಾಲುವೆ ಕಟ್ಟಿದವರು ತಾವು ಪೂರೈಸದೆ ಬಿಟ್ಟ ಭಾಗಗಳನ್ನು ದೋಣಿಯವರ ಕೈಗೆ ಕೊಟ್ಟು ಹೋದರು. ದೋಣಿಯ ಸಲಕರಣೆಗಳಲ್ಲಿ ಹೆಚ್ಚಿನವು ನಿಜವಾಗಿ ಕಾಲುವೆಯ ಸಲಕರಣೆಗಳು.

ದೋಣಿಯ ಆಕಾರವೇ ಇದಕ್ಕೆ ಮೊದಲ ಸಾಕ್ಷಿ. ನ್ಯಾರೋಬೋಟ್ ಎಂಬ ಈ ದೋಣಿ 70 ಅಡಿಗಳವರೆಗೂ ಉದ್ದವಿರಬಹುದು. ಅಗಲ ಮಾತ್ರ 6 ಅಡಿ 10 ಅಂಗುಲ. ಇಂಥ ವಿಚಿತ್ರ ಅಳತೆಯನ್ನು ಯಾವ ದೋಣಿಗಾರನೂ ತಾನಾಗಿ ಆರಿಸಿಕೊಳ್ಳಲಿಲ್ಲ. ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಜೋಡಿಸುವ ಕಾಲುವೆಗೆ 1766ರಲ್ಲಿ ಕೈಹಾಕಿದಾಗ ನೀರಿನ ಮತ್ತು ಹಣದ ಉಳಿತಾಯಕ್ಕಾಗಿ ಲಾಕ್‌ಗಳ ಅಗಲವನ್ನು ಸುಮಾರು 7 ಅಡಿಗೆ ಇಳಿಸಿದ. ಲಾಕ್ ಎಂದರೆ ಎರಡು ಕಡೆ ಕದಗಳಿರುವ ನೀರಿನ ತೊಟ್ಟಿ: ಕೆಳಗಿನಿಂದ ಬಂದ ದೋಣಿಯನ್ನು ಒಳಗೆ ಸೇರಿಸಿಕೊಂಡು, ಮೇಲಿನ ತೂಬು ತೆರೆದು ನೀರು ತುಂಬಿದರೆ ದೋಣಿ ಮೇಲಿನ ಮಟ್ಟಕ್ಕೆ ಏರುತ್ತದೆ. ಪಂಪಿಲ್ಲ, ವಿದ್ಯುತ್ತಿಲ್ಲ, ಕೆಲಸವನ್ನೆಲ್ಲ ನೀರಿನ ಭಾರವೇ ಮಾಡುತ್ತದೆ. ಆದರೆ ಕಿರಿದಾದ ಲಾಕ್ ಕೂಡ ಒಂದು ಸಲಕ್ಕೆ ಸುಮಾರು ಒಂದು ಲಕ್ಷ ಲೀಟರ್ ನೀರನ್ನು ಗುಡ್ಡದ ಮೇಲಿಂದ ಕೆಳಗೆ ಕಳಿಸುತ್ತದೆ. ಅಗಲ ದುಪ್ಪಟ್ಟಾದರೆ ಆ ನೀರೂ ದುಪ್ಪಟ್ಟು. ಬ್ರಿಂಡ್ಲಿ 1772ರಲ್ಲಿ ತೀರಿಕೊಂಡ, ಕಾಲುವೆ 1777ರಲ್ಲಿ ಮುಗಿಯಿತು. ಮಧ್ಯ ಇಂಗ್ಲೆಂಡಿನ ಬಹುಪಾಲು ಕಾಲುವೆಗಳು ಅದೇ ಅಳತೆಯನ್ನು ಅನುಸರಿಸಿದವು. ಇಂದು ಉಕ್ಕಿನಲ್ಲಿ ಹೊಸದಾಗಿ ಕಟ್ಟುವ ದೋಣಿಯೂ ಆತ ತೋಡಿಸಿದ ತೊಟ್ಟಿಗೆ ಹೊಂದುವಂತೆಯೇ ತಯಾರಾಗುತ್ತದೆ.

ಆ ಕಾಲದ ದೋಣಿ ಏನೇನು ಹೊತ್ತೊಯ್ಯುತ್ತಿತ್ತು ಎಂಬುದನ್ನು ನೋಡಿದರೆ ವಾದ ಇನ್ನಷ್ಟು ಬಲವಾಗುತ್ತದೆ. ಕಾಲುವೆ ಕಂಪನಿ ದಂಡೆಯ ಮೇಲೆ ಕುದುರೆ ನಡೆಯುವ ದಾರಿಯನ್ನು ಕೊಟ್ಟಿತು. ಕುದುರೆ, ಎಳೆಯುವ ಹಗ್ಗ, ಅದರ ಮೇವು ಎಲ್ಲ ದೋಣಿಯವನದು. ಸೇತುವೆಗಳ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಕಲ್ಲು ಸವೆಯದಿರಲೆಂದು ಹೊಡೆದ ಕಬ್ಬಿಣದ ಪಟ್ಟಿಗಳಲ್ಲೂ ಬೆರಳು ತೂರುವಷ್ಟು ಆಳದ ಗೀರುಗಳು ಇಂದಿಗೂ ಇವೆ. ಬ್ರಿಂಡ್ಲಿಯ ಕಾಲುವೆ ಹೇರ್‌ಕಾಸಲ್ ಗುಡ್ಡದ ಕೆಳಗೆ 2,600 ಮೀಟರಿಗೂ ಹೆಚ್ಚು ದೂರ ಸುರಂಗದಲ್ಲಿ ಹರಿಯುತ್ತಿತ್ತು. ಖರ್ಚು ಉಳಿಸಲು ಅಲ್ಲಿ ಕುದುರೆದಾರಿಯನ್ನೇ ಬಿಟ್ಟಿದ್ದರು. ಕುದುರೆ ಗುಡ್ಡ ಹತ್ತಿ ಆಚೆ ಇಳಿಯಬೇಕು, ಒಳಗೆ ಇಬ್ಬರು ದೋಣಿಯ ಮೂತಿಗೆ ಅಡ್ಡ ಹಲಗೆ ಹಾಕಿ ಅಂಗಾತ ಮಲಗಿ ಸುರಂಗದ ಗೋಡೆಗಳ ಮೇಲೆ ಕಾಲಿನಿಂದ ನಡೆಯುತ್ತ ದೋಣಿಯನ್ನು ಮುಂದೂಡಬೇಕು. ಥಾಮಸ್ ಟೆಲ್‌ಫೋರ್ಡ್ 1827ರಲ್ಲಿ ಅದರ ಪಕ್ಕದಲ್ಲೇ ಕುದುರೆದಾರಿಯಿರುವ ಎರಡನೇ ಸುರಂಗ ಕಟ್ಟಿಸಿದ ಮೇಲೆ ಹೊಸ ಸುರಂಗದಲ್ಲಿ ಆ ಅಡ್ಡ ಹಲಗೆಯ ಅಗತ್ಯ ತಪ್ಪಿತು. ಕಾಲುವೆ ಒಂದು ಸೌಕರ್ಯವನ್ನು ಸೇರಿಸಿಕೊಂಡಾಗ ದೋಣಿಯ ಪಟ್ಟಿಯಿಂದ ಒಂದು ವಸ್ತು ಹೋಯಿತು. ಈಗ ಅದೇ ಟೆಲ್‌ಫೋರ್ಡ್ ಸುರಂಗಕ್ಕೆ ಬೇಕಾದದ್ದು ಮುಂದಿನ ದೀಪ ಮತ್ತು ಹಾರ್ನ್.

ವಿಂಡ್‌ಲಾಸ್‌ಗೇ ಮರಳೋಣ, ಏಕೆಂದರೆ ಅದರ ಬಗ್ಗೆ ಹೇಳುವುದು ಬಹಳ ಇದೆ. ತೂಬನ್ನು ಎತ್ತಿದ ಮೇಲೆ ಅದು ತಂತಾನೇ ಕೆಳಗಿಳಿಯದಂತೆ ಹಲ್ಲುಗಾಲಿಗೆ ಒಂದು ಸಣ್ಣ ಕಬ್ಬಿಣದ ನಾಲಿಗೆ ಅಡ್ಡ ಬೀಳುತ್ತದೆ. ಆ ನಾಲಿಗೆ ಜಾರಿದ ಗಳಿಗೆಯಲ್ಲಿ ತೂಬಿನ ಭಾರವೆಲ್ಲ ಗಾಲಿಯನ್ನು ಹಿಂದಕ್ಕೆ ತಿರುಗಿಸುತ್ತದೆ. ವಿಂಡ್‌ಲಾಸ್ ಇನ್ನೂ ಸಿಕ್ಕಿಸಿದಂತೆಯೇ ಇದ್ದರೆ ಗರಗರನೆ ಸುತ್ತಿ ಹತ್ತಿರ ನಿಂತವರ ಮಣಿಕಟ್ಟನ್ನೋ ದವಡೆಯನ್ನೋ ಮುರಿದು ಹಾರಿಹೋಗುತ್ತದೆ. ಆದ್ದರಿಂದಲೇ ತೂಬೆತ್ತಿದ ಕೂಡಲೇ ವಿಂಡ್‌ಲಾಸನ್ನು ಕಳಚಿ ಕೈಯಲ್ಲಿಟ್ಟುಕೊಳ್ಳಬೇಕೆಂಬ ನಿಯಮ. ಹಳೆಯ ದೋಣಿಯವರು ಅದನ್ನು ಬೆನ್ನ ಹಿಂದೆ ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಒಂದೇ ವಿಂಡ್‌ಲಾಸ್ ಇಟ್ಟುಕೊಂಡು ಹೊರಡುವುದು ಅವಿವೇಕ. ಒದ್ದೆ ಕೈಯಿಂದ ಜಾರಿ ನೀರಿಗೆ ಬೀಳುವ ವಸ್ತುಗಳಲ್ಲಿ ಮೊದಲನೆಯದು ಅದೇ, ಮತ್ತು ಎಲ್ಲ ಕಾಲುವೆಗಳ ಚೌಕದ ತುದಿ ಒಂದೇ ಅಳತೆಯದಲ್ಲ. ಹಗ್ಗಕ್ಕೆ ಕಟ್ಟಿ ನೀರಿಗಿಳಿಸಲು ಒಂದು ಬಲವಾದ ಅಯಸ್ಕಾಂತವನ್ನೂ ಅನುಭವಿಗಳು ಇಟ್ಟುಕೊಂಡಿರುತ್ತಾರೆ. ಅಲ್ಯೂಮಿನಿಯಮ್ ವಿಂಡ್‌ಲಾಸ್ ಹಗುರ, ಸೋತ ತೋಳಿಗೆ ಹಿತ. ಆದರೆ ಮುಳುಗಿದರೆ ಅಯಸ್ಕಾಂತಕ್ಕೆ ಸಿಗುವುದಿಲ್ಲ. ಟಾರ್ಡ್‌ಬಿಗ್ ಎಂಬಲ್ಲಿ ಸಾಲಾಗಿ 30 ಲಾಕ್‌ಗಳಿವೆ. ಆ ಸಾಲನ್ನು ಹತ್ತುವವರು ದಿನದ ಕೊನೆಗೆ ಹಗುರವೇ ಮೇಲೆನ್ನಬಹುದು, ಆದರೂ ಜೊತೆಗೊಂದು ಕಬ್ಬಿಣದ್ದು ಇರಲಿ.

ಲಾಕ್‌ನ ಒಳಗೆ ಇನ್ನೊಂದು ಅಪಾಯವಿದೆ. ಅದಕ್ಕೆ ಬೇಕಾದ ಸಾಧನ ಹಗ್ಗ ಮತ್ತು ಚಾಕು, ಅದಕ್ಕಿಂತ ಹೆಚ್ಚಾಗಿ ಚುಕ್ಕಾಣಿ ಹಿಡಿದವರ ಗಮನ. ಮೇಲಿನ ಕದದ ಬುಡದಲ್ಲಿ ಕಲ್ಲಿನ ಅಥವಾ ಕಾಂಕ್ರೀಟಿನ ಹೊಸ್ತಿಲು ಒಳಕ್ಕೆ ಚಾಚಿಕೊಂಡಿರುತ್ತದೆ. ಲಾಕ್ ತುಂಬಿದಾಗ ಅದು ಕಾಣುವುದಿಲ್ಲ. ಕೆಳಗಿಳಿಯುವ ದೋಣಿಯ ಹಿಂಬದಿ ಅದರ ಮೇಲಿದ್ದರೆ ನೀರು ಇಳಿಯುತ್ತ ಹೋದಂತೆ ಹಿಂಬದಿ ಹೊಸ್ತಿಲಿಗೆ ಸಿಕ್ಕಿಕೊಳ್ಳುತ್ತದೆ, ಮೂತಿ ಮಾತ್ರ ಇಳಿಯುತ್ತದೆ, ಕೆಲವೇ ನಿಮಿಷಗಳಲ್ಲಿ ಹದಿನೈದಿಪ್ಪತ್ತು ಟನ್ನಿನ ಮನೆಯೊಂದು ನೀರು ಕುಡಿದು ಮುಳುಗುತ್ತದೆ. ಲಾಕ್‌ನ ಪಕ್ಕದಲ್ಲಿ ಬಳಿದ ಬಿಳಿ ಗೆರೆ ಇದರ ಎಚ್ಚರಿಕೆ: ಹಿಂಬದಿ ಈ ಗೆರೆಯಿಂದ ಮುಂದಿರಲಿ ಎಂದು ಅರ್ಥ. ಇಳಿಯುವ ಲಾಕ್‌ನಲ್ಲಿ ಹಗ್ಗವನ್ನು ಬಿಗಿಯಾಗಿ ಕಟ್ಟುವುದೂ ಅಷ್ಟೇ ಕೆಟ್ಟದ್ದು. ನೀರು ಇಳಿದಂತೆ ದೋಣಿ ಹಗ್ಗಕ್ಕೆ ನೇತುಬೀಳುತ್ತದೆ. ಗೂಟಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಕೈಯಲ್ಲಿ ಹಿಡಿದು ಸಡಿಲಿಸುತ್ತ ಹೋಗಬೇಕು. ಚಾಕು ಕೈಗೆಟಕುವಲ್ಲಿ ಇರಬೇಕೆಂಬುದು, ಏನೇ ಮಾಡಿದರೂ ಗಂಟು ಬಿಗಿದುಕೊಂಡ ಆ ಒಂದು ಸಂದರ್ಭಕ್ಕಾಗಿ.

ಕಾಲುವೆಯೇ ಪಟ್ಟಿ ಬರೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ, ಆ ಪಟ್ಟಿ ಊರಿನಿಂದ ಊರಿಗೆ ಬದಲಾಗುವುದು. ಯಾರ್ಕ್‌ಶೈರಿನ ಕಾಲ್ಡರ್ ಮತ್ತು ಹೆಬಲ್ ಜಲಮಾರ್ಗದ ಹಲವು ಲಾಕ್‌ಗಳಲ್ಲಿ ವಿಂಡ್‌ಲಾಸ್ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಹ್ಯಾಂಡ್‌ಸ್ಪೈಕ್ ಎಂಬ ಗಟ್ಟಿಮರದ ದೊಣ್ಣೆಯನ್ನು ರಂಧ್ರಕ್ಕೆ ತೂರಿಸಿ ಸನ್ನೆಗೋಲಿನಂತೆ ಮೀಟಬೇಕು. ಅಲ್ಲಿನ ಲಾಕ್‌ಗಳು ಕಿರಿದಲ್ಲ, ಗಿಡ್ಡ: 57 ಅಡಿಗಿಂತ ಉದ್ದದ ದೋಣಿಗೆ ಅಲ್ಲಿ ಪ್ರವೇಶ ಕಷ್ಟ. ಎಲ್ಲೆಡೆ ತಿರುಗಬೇಕೆಂದಿರುವವರು ದೋಣಿಯನ್ನು 57 ಅಡಿಗೇ ನಿಲ್ಲಿಸುವುದು ಇದೇ ಕಾರಣಕ್ಕೆ. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್‌ಗಳಂಥ ನಗರಗಳ ಸುತ್ತ ಕೆಲವು ತೂಬುಗಳಿಗೆ ಬೀಗವಿದೆ, ಅದನ್ನು ತೆಗೆಯಲು ಹ್ಯಾಂಡ್‌ಕಫ್ ಕೀ ಎಂಬ ಪ್ರತ್ಯೇಕ ಕೀಲಿ ಬೇಕು. ರಾತ್ರಿ ಯಾರೋ ಕಿಡಿಗೇಡಿಗಳು ಒಂದು ತೂಬು ಎತ್ತಿಟ್ಟು ಹೋದರೆ ಬೆಳಗಾಗುವುದರೊಳಗೆ ಎರಡು ಲಾಕ್‌ಗಳ ನಡುವಿನ ನೀರೆಲ್ಲ ಬರಿದಾಗಿ ಅಲ್ಲಿ ಕಟ್ಟಿದ ದೋಣಿಗಳು ಕೆಸರಿನಲ್ಲಿ ವಾಲಿ ನಿಂತಿರುತ್ತವೆ. ಕುಡಿಯುವ ನೀರಿನ ನಲ್ಲಿಗೆ, ಶೌಚದ ತೊಟ್ಟಿ ಬರಿದು ಮಾಡುವ ಕಟ್ಟೆಗೆ, ವಿದ್ಯುತ್ತಿನಿಂದ ತೆರೆಯುವ ಸೇತುವೆಗೆ ವಾಟರ್‌ಮೇಟ್ ಎಂಬ ಇನ್ನೊಂದು ಕೀಲಿ. ಇವನ್ನೆಲ್ಲ ಬಿರಡೆಯ ಉಂಡೆಗೆ ಕಟ್ಟಿಟ್ಟರೆ ನೀರಿಗೆ ಬಿದ್ದರೂ ತೇಲುತ್ತವೆ. ಇನ್ನು ಲಂಗರು. ಕಾಲುವೆಯಲ್ಲಿ ಅದಕ್ಕೆ ಕೆಲಸವೇ ಇಲ್ಲ. ಆದರೆ ಟ್ರೆಂಟ್, ಸೆವರ್ನ್‌ನಂಥ ನದಿಗೆ ದೋಣಿ ಇಳಿದ ಗಳಿಗೆಯಿಂದ, ಎಂಜಿನ್ ನಿಂತರೆ ಅಣೆಕಟ್ಟಿನ ಕಡೆಗೆ ಕೊಚ್ಚಿಹೋಗದಂತೆ ತಡೆಯುವುದು ಅದೊಂದೇ. ಅದನ್ನು ಸರಪಳಿ, ಹಗ್ಗಗಳ ಸಮೇತ ದೋಣಿಗೆ ಕಟ್ಟಿ ಸಿದ್ಧವಾಗಿಟ್ಟಿರಬೇಕು. ಮಂಚದ ಕೆಳಗಿಟ್ಟ ಲಂಗರು ಲಂಗರಲ್ಲ.

ನಿಲ್ಲುವ ವಿಷಯದಲ್ಲೂ ಇದೇ ನ್ಯಾಯ. ದಂಡೆಯಲ್ಲಿ ಕಟ್ಟುವ ಬಳೆಗಳಿರುವ ಜಾಗ ಕಡಿಮೆ. ಉಳಿದೆಡೆ ದೋಣಿಯವರೇ ತಮ್ಮ ನಿಲ್ದಾಣವನ್ನು ಮಾಡಿಕೊಳ್ಳಬೇಕು. ಮಣ್ಣಿನ ದಂಡೆಯಾದರೆ ಉದ್ದನೆಯ ಕಬ್ಬಿಣದ ಗೂಟಗಳು ಮತ್ತು ಅವನ್ನು ಹೊಡೆಯಲು ದಪ್ಪ ಸುತ್ತಿಗೆ. ಉಕ್ಕಿನ ತಗಡು ಬಡಿದ ದಂಡೆಯಾದರೆ ಅದರ ಕಂಬಿಗೆ ಸಿಕ್ಕಿಸುವ ಕೊಕ್ಕೆಗಳು. ಗೂಟದ ತಲೆಗೆ ಬಿಳಿಯದೇನಾದರೂ ಕಟ್ಟಿದರೆ ಕತ್ತಲಲ್ಲಿ ದಂಡೆಯ ಮೇಲೆ ನಡೆಯುವವರು ಎಡವುವುದಿಲ್ಲ. ಮುಂದೊಂದು, ಹಿಂದೊಂದು, ಚಾವಣಿಯ ನಡುವಿನಿಂದ ಒಂದು, ಹೀಗೆ ಮೂರು ಹಗ್ಗ. ಈ ನಡುಹಗ್ಗದ ಬೆಲೆ ಹೊಸಬರಿಗೆ ತಿಳಿಯುವುದು ನಿಧಾನ. ಒಬ್ಬರೇ ದಂಡೆಗೆ ಇಳಿದು ಅಷ್ಟು ಭಾರದ ದೋಣಿಯನ್ನು ಎರಡೂ ತುದಿ ಓಡಿಹೋಗದಂತೆ ಹಿಡಿಯಲು ಸಾಧ್ಯವಾಗುವುದು ಅದರಿಂದ. ಆದರೆ ಅದು ಹಿಂಬದಿಯ ಪ್ರೊಪೆಲ್ಲರ್ ಮುಟ್ಟುವಷ್ಟು ಉದ್ದವಿರಬಾರದು. ಪ್ರೊಪೆಲ್ಲರ್‌ಗೆ ಹಗ್ಗವಷ್ಟೇ ಅಲ್ಲ, ಪ್ಲಾಸ್ಟಿಕ್ ಚೀಲ, ಹಳೇ ಬಟ್ಟೆ, ತಂತಿ, ಊರವರು ಕಾಲುವೆಗೆ ಎಸೆದದ್ದೆಲ್ಲ ಸುತ್ತಿಕೊಳ್ಳುತ್ತದೆ. ಅದಕ್ಕೆಂದೇ ಅದರ ನೇರ ಮೇಲೆ ಮುಚ್ಚಳವಿರುವ ಒಂದು ಕಂಡಿ ಇದೆ. ಎಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ಕೈಯನ್ನು ಮೊಣಕೈವರೆಗೆ ತಣ್ಣೀರಿಗಿಳಿಸಿ, ಹಲ್ಲಿರುವ ಬ್ರೆಡ್ ಚಾಕು ಮತ್ತು ತಂತಿ ಕತ್ತರಿಯಿಂದ ಬಿಡಿಸಬೇಕು. ಕೈಗವಸು ಬೇಕೇ ಬೇಕು: ನಮ್ಮ ಮಲೆನಾಡು, ಕರಾವಳಿಯಲ್ಲಿ ಇಲಿ ಜ್ವರವೆಂದು ಹೆದರುವ ಕಾಯಿಲೆಯೇ ಅಲ್ಲಿಯ ಕಾಲುವೆ ನೀರಿನಲ್ಲೂ ಇದೆ, ಗಾಯದ ಮೂಲಕ ಒಳಸೇರುತ್ತದೆ. ಮುಚ್ಚಳವನ್ನು ಮತ್ತೆ ಸರಿಯಾಗಿ ಬಿಗಿಯದೆ ಎಂಜಿನ್ ಹಾಕಿದರೆ ಪ್ರೊಪೆಲ್ಲರೇ ನೀರನ್ನು ಒಳಕ್ಕೆ ಎಬ್ಬಿಸಿ ದೋಣಿಯನ್ನು ಮುಳುಗಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಜೀವರಕ್ಷಕ ಜಾಕೆಟ್, ಬೆಂಕಿ ಆರಿಸುವ ಸಾಧನ, ಹೊಗೆಯ ಅಲಾರಂ, ಔಷಧದ ಪೆಟ್ಟಿಗೆ ಇವೆಲ್ಲ ಕಾಲುವೆಯ ಭಾಗಗಳು ಹೇಗಾಗುತ್ತವೆ? ಆಗುವುದಿಲ್ಲ, ಅಷ್ಟರಮಟ್ಟಿಗೆ ನನ್ನ ವಾದಕ್ಕೆ ಮಿತಿ ಇದೆ. ದೋಣಿ ಕಾಲುವೆಯ ಮೇಲಿನ ವಾಹನವಾಗಿರುವಂತೆಯೇ ಕಬ್ಬಿಣದ ಗೋಡೆಗಳ ಕಿರಿದಾದ ಮನೆಯೂ ಹೌದು, ಆ ಮನೆಯ ಅಪಾಯಗಳು ಬೇರೆ. ಚಳಿಗಾಲದಲ್ಲಿ ಸೌದೆ, ಕಲ್ಲಿದ್ದಲಿನ ಒಲೆ ಉರಿಯುತ್ತದೆ, ಕಿಟಕಿ ಮುಚ್ಚಿರುತ್ತದೆ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಮಲಗಿದವರನ್ನು ಏಳಗೊಡುವುದಿಲ್ಲ. ಮಲಗುವ ಜಾಗವಿರುವ ದೋಣಿಗಳಿಗೆ ಅದರ ಅಲಾರಂ 2019ರಿಂದ ಕಡ್ಡಾಯವಾದದ್ದು ತಡವಾಗಿಯೇ ಆಯಿತೆಂದು ನನ್ನ ಅಭಿಪ್ರಾಯ. ಅಡುಗೆ ಅನಿಲ ಗಾಳಿಗಿಂತ ಭಾರ; ನೆಲದ ಮನೆಯಲ್ಲಿ ಸೋರಿದ ಅನಿಲ ಬಾಗಿಲ ಸಂದಿಯಿಂದಾದರೂ ಹೊರಹೋದೀತು, ದೋಣಿಯಲ್ಲಿ ಅದು ತಳಕ್ಕಿಳಿದು ಅಲ್ಲೇ ಕೂರುತ್ತದೆ. ಹಾಗಾಗಿ ಸಿಲಿಂಡರ್ ಇಡುವ ಗೂಡನ್ನು ಒಳಭಾಗದಿಂದ ಪೂರ್ತಿ ಬೇರ್ಪಡಿಸಿ, ಅದರ ಬುಡದಲ್ಲಿ ಹೊರಕ್ಕೆ ರಂಧ್ರ ಕೊಟ್ಟಿರುತ್ತಾರೆ. ಇವುಗಳನ್ನೆಲ್ಲ ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯಿದೆ. ಜಾಕೆಟ್ಟಿನ ವಿಷಯದಲ್ಲಿ ಮಾತ್ರ ತಕರಾರು ಬಹಳ. ಕಾಲುವೆ ಸೊಂಟದುದ್ದವೂ ಇಲ್ಲ, ಬಿದ್ದರೆ ಎದ್ದು ನಿಂತರಾಯಿತು ಎನ್ನುತ್ತಾರೆ. ಕಾಲುವೆಯ ಬಹುಪಾಲು ಜಾಗದಲ್ಲಿ ಆ ಮಾತು ಸರಿ. ಲಾಕ್‌ನಲ್ಲಿ ಸರಿಯಲ್ಲ: ಸಾವರ್‌ಬಿ ಬ್ರಿಡ್ಜ್‌ನ ಟ್ಯೂಲ್ ಲೇನ್ ಲಾಕ್ ಒಂದೇ ಏಟಿಗೆ ಸುಮಾರು 6 ಮೀಟರ್ ಇಳಿಸುತ್ತದೆ. ನದಿಯಲ್ಲಿ ಸರಿಯಲ್ಲ, ಚಳಿಗಾಲದ ನೀರಿನಲ್ಲಿ ಉಸಿರೇ ಕಟ್ಟುವಾಗ ಸರಿಯಲ್ಲ, ಒಂಟಿಯಾಗಿ ಹೋಗುವವರಿಗಂತೂ ಎಲ್ಲೂ ಸರಿಯಲ್ಲ.

ಮನೆಯೆಂಬ ಮಾತು ಹೊಸದೇನಲ್ಲ. ರೈಲಿನ ಪೈಪೋಟಿಯಿಂದ ಸಾಗಣೆ ದರ ಕುಸಿದಾಗ ದೋಣಿಯವರು ದಡದ ಮನೆ ಬಿಟ್ಟು, ಹೆಂಡತಿ ಮಕ್ಕಳನ್ನೇ ಕೆಲಸಕ್ಕೆ ಸೇರಿಸಿಕೊಂಡು, ಹಿಂಬದಿಯ ಸುಮಾರು ಹತ್ತಡಿಯ ಕೋಣೆಯಲ್ಲಿ ಸಂಸಾರ ಹೂಡಿದರು. ಒಲೆ, ಗೋಡೆಗೆ ಮಡಚಿಡುವ ಹಾಸಿಗೆ, ಬಾಗಿಲು ತೆರೆದರೆ ಮೇಜಾಗುವ ಕಪಾಟು, ಚಾವಣಿಯ ಮೇಲೆ ಗುಲಾಬಿ ಮತ್ತು ಕೋಟೆಗಳ ಚಿತ್ರ ಬರೆದ ನೀರಿನ ಕ್ಯಾನು. ಆ ಕ್ಯಾನು ಇಂದು ಅಲಂಕಾರ. ಅಂದು ಕುಡಿಯುವ ನೀರೆಲ್ಲ ಅದರಲ್ಲೇ. ಅಲ್ಲಿನ ಕಿಕ್ಕಿರಿದ ಬದುಕಿನ ಬಗ್ಗೆ ಜಾರ್ಜ್ ಸ್ಮಿತ್ ಎಂಬ ಸುಧಾರಕ ನಡೆಸಿದ ಹೋರಾಟದ ಫಲವಾಗಿ 1877ರಲ್ಲಿ ಕಾಯಿದೆ ಬಂತು, ದೋಣಿಗಳನ್ನು ವಾಸಸ್ಥಳಗಳೆಂದು ನೋಂದಾಯಿಸಲು ಶುರುವಾಯಿತು. ಎರಡನೇ ಮಹಾಯುದ್ಧದಲ್ಲಿ ಗಂಡಸರ ಕೊರತೆಯಾದಾಗ ತರುಣಿಯರು ತರಬೇತಿ ಪಡೆದು ಸರಕಿನ ದೋಣಿಗಳನ್ನು ನಡೆಸಿದರು. ಅವರಲ್ಲೊಬ್ಬರಾದ ಎಮ್ಮಾ ಸ್ಮಿತ್ ಯುದ್ಧ ಮುಗಿದ ಮೇಲೆ ಸಾಕ್ಷ್ಯಚಿತ್ರ ತಂಡದೊಂದಿಗೆ ಭಾರತಕ್ಕೆ ಬಂದುಹೋಗಿ, 1948ರಲ್ಲಿ ಕಾಲುವೆ ಬದುಕಿನ ಪುಸ್ತಕ ಪ್ರಕಟಿಸಿದರು. 1962–63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದ ಮೇಲೆ ಸರಕು ಸಾಗಣೆ ಬಹುಮಟ್ಟಿಗೆ ಮುಗಿಯಿತು. ಕಾಲುವೆಗಳೇ ಮುಚ್ಚಿಹೋಗದೆ ಉಳಿದದ್ದು ಎಲ್.ಟಿ.ಸಿ. ರೋಲ್ಟ್ 1944ರಲ್ಲಿ ಬರೆದ ಪ್ರವಾಸಕಥನದಿಂದ ಎಚ್ಚೆತ್ತ ಜನರ ಮತ್ತು 1946ರಲ್ಲಿ ರೋಲ್ಟ್ ಅವರೂ ರಾಬರ್ಟ್ ಐಕ್‌ಮನ್‌ರೂ ಸೇರಿ ಕಟ್ಟಿದ ಸಂಘದ ಹೋರಾಟದ ಬಲದಿಂದ. ಸರಕು ಹೋಗಿ ವಿಹಾರ ಬಂತು, ಕುದುರೆ ಹೋಗಿ ಡೀಸೆಲ್ ಬಂತು. ವಿಂಡ್‌ಲಾಸ್, ಹಗ್ಗ, ಗೂಟ, ಸುತ್ತಿಗೆ, ದಂಡೆಗಿಳಿಯುವ ಹಲಗೆ, ನೂಕುವ ಗಳ ಮಾತ್ರ ಹಾಗೆಯೇ ಉಳಿದವು, ಏಕೆಂದರೆ ಲಾಕ್ ಮತ್ತು ದಂಡೆ ಹಾಗೆಯೇ ಇವೆ.

ಎರಡನೇ ಆಕ್ಷೇಪ ಇನ್ನೂ ತೂಕದ್ದು. ಈ ಹೊರೆಯನ್ನು ದೋಣಿಯವರ ಮೇಲೇಕೆ ಹೊರಿಸಬೇಕು, ಲಾಕ್‌ಗೇ ಮೋಟಾರು ಹಾಕಿದರೆ ಆಗದೇ? ಆಗುತ್ತದೆ, ಥೇಮ್ಸ್ ನದಿಯ 45 ಲಾಕ್‌ಗಳಲ್ಲಿ ಬಹುತೇಕ ಯಂತ್ರದಿಂದಲೇ ನಡೆಯುತ್ತವೆ, ಋತುಮಾನದಲ್ಲಿ ಲಾಕ್ ಕಾಯುವವರೂ ಇರುತ್ತಾರೆ. ಆದರೆ ಥೇಮ್ಸ್ ಒಂದೇ ದೊಡ್ಡ ನದಿ, ಕರೆಂಟು ಹತ್ತಿರದಲ್ಲೇ ಇದೆ. ಹೊಲಗಳ ನಡುವೆ, ರಸ್ತೆಯಿಲ್ಲದ ಕಡೆ ಚದುರಿದ ನೂರಾರು ಲಾಕ್‌ಗಳಿಗೆ ಅದನ್ನು ಹಬ್ಬಿಸಿದರೆ ಕೆಟ್ಟ ಮೋಟಾರಿಗೆ ಮೆಕ್ಯಾನಿಕ್ ಬರುವವರೆಗೆ ಎರಡೂ ದಿಕ್ಕಿನ ದೋಣಿಗಳು ಕಾಯುತ್ತ ಕೂರಬೇಕಾಗುತ್ತದೆ. ಕೈಯಿಂದ ತಿರುಗಿಸುವ ಹಲ್ಲುಗಾಲಿ ಕೆಡುವುದು ಅಪರೂಪ, ಕೆಟ್ಟರೆ ಏನು ಕೆಟ್ಟಿತೆಂಬುದು ಕಣ್ಣಿಗೇ ಕಾಣುತ್ತದೆ. ಹಾಗೆಯೇ ಫೋನಿನ ನಕ್ಷೆ ಮುಂದಿನ ನೀರಿನ ನಲ್ಲಿ ಎಲ್ಲಿದೆ, ಯಾವ ಲಾಕ್ ದುರಸ್ತಿಗೆ ಮುಚ್ಚಿದೆ ಎಂದು ಹೇಳುತ್ತದೆ, ಅದು ದೊಡ್ಡ ಉಪಕಾರವೇ. ಮೂತಿಯನ್ನು ಪಕ್ಕಕ್ಕೆ ತಳ್ಳುವ ವಿದ್ಯುತ್ ಯಂತ್ರವೂ ಗಾಳಿಯ ದಿನ ನೆರವಾಗುತ್ತದೆ. ಅವುಗಳನ್ನು ಬೇಡವೆನ್ನಲು ಕಾರಣವಿಲ್ಲ. ಬ್ಯಾಟರಿ ಇಳಿದ ದಿನ ಉದ್ದನೆಯ ಗಳವೊಂದು ಅದೇ ಕೆಲಸ ಮಾಡುತ್ತದೆ, ಗಳ ಕಳೆದ ದಿನ ಆ ಯಂತ್ರ ದೋಣಿಯನ್ನು ಹೂಳಿನಿಂದ ಹಿಂದಕ್ಕೆ ತಳ್ಳಲಾರದು. ಅನಿವಾರ್ಯ ಯಾವುದು, ಅನುಕೂಲ ಯಾವುದು ಎಂದು ವಿಂಗಡಿಸಲು ಈ ಒಂದು ಪರೀಕ್ಷೆ ಸಾಕು.

ಈ ಸಾಮಾನುಗಳ ಮಹತ್ವ ಮುಂದಿನ ವರ್ಷಗಳಲ್ಲಿ ಕಡಿಮೆಯಾಗುವ ಲಕ್ಷಣವೂ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 3,200 ಕಿ.ಮೀ. ಜಲಮಾರ್ಗವನ್ನು 2012ರಿಂದ ನೋಡಿಕೊಳ್ಳುತ್ತಿರುವುದು ಕೆನಾಲ್ ಆ್ಯಂಡ್ ರಿವರ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ. 30,000ಕ್ಕೂ ಹೆಚ್ಚು ದೋಣಿಗಳು ಅದರ ನೀರಿನ ಮೇಲಿವೆ. ಅದಕ್ಕೆ ಕೊಡುವ ಅನುದಾನವನ್ನು 2027ರಿಂದ ವರ್ಷ ವರ್ಷವೂ ಇಳಿಸುವುದಾಗಿ ಸರ್ಕಾರ 2023ರಲ್ಲಿ ಪ್ರಕಟಿಸಿತು. ಹಣ ಇಳಿದರೆ ಹೂಳೆತ್ತುವುದು ತಡವಾಗುತ್ತದೆ, ಸೋರುವ ಕದ ಇನ್ನಷ್ಟು ದಿನ ಸೋರುತ್ತದೆ, ತುಕ್ಕು ಹಿಡಿದ ಹಲ್ಲುಗಾಲಿಗೆ ಎಣ್ಣೆ ಹಾಕುವ ಕೈಗಳು ಕಡಿಮೆಯಾಗುತ್ತವೆ. ಗಳ, ಉದ್ದ ಹಿಡಿಯ ವಿಂಡ್‌ಲಾಸ್, ದಂಡೆ ಮುಟ್ಟಲಾಗದಲ್ಲಿ ಇಳಿಯಲು ಹಲಗೆ, ಇವುಗಳ ಬಳಕೆ ಅಷ್ಟರಮಟ್ಟಿಗೆ ಹೆಚ್ಚುತ್ತದೆ. ಡಿವೈಜಿಸ್ ಊರಿನ ಬಳಿ 29 ಲಾಕ್‌ಗಳಿರುವ ಕೇನ್ ಹಿಲ್‌ನಂಥ ಕಡೆ ಈಗಾಗಲೇ ಲಾಕ್ ನಡೆಸಲು ನೆರವಾಗುತ್ತಿರುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ವಾರಕ್ಕೆಂದು ಬಾಡಿಗೆ ದೋಣಿ ಹಿಡಿದು ಮೊದಲ ಸಲ ಚುಕ್ಕಾಣಿ ಮುಟ್ಟಿದವರಿಗೆ ಹೊಸ್ತಿಲು ಎಲ್ಲಿದೆ, ವಿಂಡ್‌ಲಾಸನ್ನು ಯಾವಾಗ ಕಳಚಬೇಕು ಎಂದು ಪಕ್ಕದಲ್ಲಿ ನಿಂತು ಹೇಳಿಕೊಡುವವರೂ ಅವರೇ.